ಪ್ರೋಟೀನ್ ಗುಣಗಳನ್ನು ಲೆಕ್ಕ ಹಾಕುವ ಟೂಲ್‌ಗಳು: ಯಾವ ಅಂಕಿಯನ್ನು ಎಷ್ಟು ನಂಬಬಹುದು?

ಪ್ರೋಟೀನ್ ಸೀಕ್ವೆನ್ಸನ್ನು, ಅಂದರೆ ಅದರ ಅಮೈನೊ ಆಮ್ಲಗಳ ಸಾಲನ್ನು, ಪ್ರೋಟ್‌ಪ್ಯಾರಮ್ ಎಂಬ ವೆಬ್ ಟೂಲ್‌ನ ಬಾಕ್ಸಿಗೆ ಹಾಕಿ ಬಟನ್ ಒತ್ತಿದರೆ ಸಾಕು, ಒಂದು ಪುಟ ತುಂಬಾ ಅಂಕಿಗಳು ಬರುತ್ತವೆ. ಅಣುತೂಕ, ಪಿಐ, ಎಕ್ಸ್‌ಟಿಂಕ್ಷನ್ ಕೋಎಫಿಶಿಯೆಂಟ್, ಹಾಫ್ ಲೈಫ್, ಇನ್‌ಸ್ಟೆಬಿಲಿಟಿ ಇಂಡೆಕ್ಸ್, ಅಲಿಫ್ಯಾಟಿಕ್ ಇಂಡೆಕ್ಸ್, ಗ್ರೇವಿ. ಎಲ್ಲವೂ ಒಂದೇ ಪುಟದಲ್ಲಿ, ಒಂದೇ ಗತ್ತಿನಲ್ಲಿ ನಿಂತಿರುತ್ತವೆ. ಓದುವವರಿಗೆ ತೊಂದರೆ ಆಗುವುದು ಅಲ್ಲೇ. ಇವುಗಳಲ್ಲಿ ಕೆಲವು ಬರೀ ಕೂಡುವ ಲೆಕ್ಕ, ತಪ್ಪುವ ಮಾತೇ ಇಲ್ಲ. ಕೆಲವು ಒಳ್ಳೆಯ ಅಂದಾಜು. ಒಂದೆರಡಂತೂ ಹಳೆಯ ಸಣ್ಣ ದತ್ತಾಂಶದ ಮೇಲೆ ನಿಂತ ಊಹೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಅಂತ ಟೂಲ್ ಹೇಳುವುದಿಲ್ಲ.

ಇನ್ನೊಂದು ವಿಷಯವನ್ನೂ ಅದು ಹೇಳುವುದಿಲ್ಲ: ನೀವು ಕೊಟ್ಟ ಸೀಕ್ವೆನ್ಸ್ ಮತ್ತು ನಿಮ್ಮ ಟ್ಯೂಬ್‌ನಲ್ಲಿರುವ ಪ್ರೋಟೀನ್ ಎರಡೂ ಒಂದೇನಾ ಅಂತ. ನನ್ನ ಪ್ರಕಾರ ಅರ್ಧ ಕೆಲಸ ಇದೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಉದಾಹರಣೆಗೆ ಉದ್ದಕ್ಕೂ ಒಂದೇ ಪ್ರೋಟೀನ್ ಇಟ್ಟುಕೊಳ್ಳುತ್ತೇನೆ: ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೋಜೈಮ್. ಪ್ರೋಟೀನ್‌ಗಳ ಡೇಟಾಬೇಸ್ ಆದ ಯೂನಿಪ್ರಾಟ್‌ನಲ್ಲಿ ಅದರ ನಂಬರ್ ಪಿ00698. ನೀವೂ ಜೊತೆಗೆ ಹಾಕಿ ನೋಡಿದರೆ ಒಳ್ಳೆಯದು.

ಮೊದಲು ಸೀಕ್ವೆನ್ಸ್ ಸರಿಮಾಡಿಕೊಳ್ಳಿ

ಯೂನಿಪ್ರಾಟ್‌ನಲ್ಲಿ ಪಿ00698 ತೆರೆದರೆ 147 ಅಮೈನೊ ಆಮ್ಲಗಳ ಸೀಕ್ವೆನ್ಸ್ ಸಿಗುತ್ತದೆ. ಅದನ್ನು ಹಾಗೇ ಕಾಪಿ ಮಾಡಬೇಡಿ. ಪುಟದಲ್ಲಿ ಪಿಟಿಎಂ (ಪ್ರೋಟೀನ್ ತಯಾರಾದ ಮೇಲೆ ಆಗುವ ಬದಲಾವಣೆಗಳು) ಮತ್ತು ಪ್ರೊಸೆಸಿಂಗ್ ಎಂಬ ಭಾಗಕ್ಕೆ ಇಳಿಯಿರಿ. 1ರಿಂದ 18ರವರೆಗೆ ಸಿಗ್ನಲ್ ಪೆಪ್ಟೈಡ್, 19ರಿಂದ 147ರವರೆಗೆ ಚೈನ್ ಅಂತ ಇದೆ. ಅಂದರೆ ಜೀವಕೋಶದಿಂದ ಹೊರಬರುವಾಗ ಮೊದಲ 18 ಕತ್ತರಿಸಿಹೋಗುತ್ತವೆ. ಉಳಿಯುವ 129 ಅಮೈನೊ ಆಮ್ಲಗಳೇ ನಿಜವಾದ ಲೈಸೋಜೈಮ್. ಅದೇ ಭಾಗದಲ್ಲಿ ನಾಲ್ಕು ಡೈಸಲ್ಫೈಡ್ ಬಂಧಗಳ (ಎರಡು ಸಿಸ್ಟೀನ್‌ಗಳನ್ನು ಜೋಡಿಸುವ ಬಂಧಗಳು) ವಿವರವೂ ಇದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಸಣ್ಣ ತುಂಡಿನಿಂದ ಏನು ವ್ಯತ್ಯಾಸ ಆದೀತು ಅಂತ ಅನಿಸಬಹುದು. ಎರಡನ್ನೂ ಲೆಕ್ಕ ಹಾಕಿ ನೋಡಿ. ಪೂರ್ತಿ 147ರ ಅಣುತೂಕ ಸುಮಾರು 16,239 ಡಾಲ್ಟನ್, 129ರದು ಸುಮಾರು 14,313. ನೀರಿಗೆ ಎಷ್ಟು ಹೊಂದುತ್ತದೆ ಅಂತ ಸೂಚಿಸುವ ಗ್ರೇವಿ ಅಂಕಿ ಪೂರ್ತಿ ಸೀಕ್ವೆನ್ಸಿಗೆ ಮೈನಸ್ 0.150, ಚೈನಿಗೆ ಮೈನಸ್ 0.472. ಮೂರು ಪಟ್ಟು ವ್ಯತ್ಯಾಸ! ಸಿಗ್ನಲ್ ಪೆಪ್ಟೈಡ್‌ನಲ್ಲಿ ಲ್ಯೂಸಿನ್ ಒಂದೇ ಏಳು ಸಲ ಬರುತ್ತದೆ. ನೀರಿಗೆ ಹೊಂದದ ಆ ತುಂಡು ಇಡೀ ಸರಾಸರಿಯನ್ನು ಎಳೆದುಬಿಡುತ್ತದೆ.

ಪ್ರೋಟ್‌ಪ್ಯಾರಮ್ ಇರುವುದು ಸ್ವಿಸ್ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ನಡೆಸುವ ಎಕ್ಸ್‌ಪ್ಯಾಸಿ ತಾಣದಲ್ಲಿ. ದುಡ್ಡು ಕೊಡಬೇಕಿಲ್ಲ. ಅಲ್ಲಿ ಸೀಕ್ವೆನ್ಸಿನ ಬದಲು ಯೂನಿಪ್ರಾಟ್ ನಂಬರನ್ನೇ ಕೊಟ್ಟರೆ ಸಿಗ್ನಲ್, ಚೈನ್ ಮುಂತಾದ ಭಾಗಗಳ ಪಟ್ಟಿ ತೋರಿಸಿ ಯಾವುದು ಬೇಕು ಅಂತ ಕೇಳುತ್ತದೆ. ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಕೈಯಲ್ಲಿ ಕತ್ತರಿಸಿ ಅಂಟಿಸುವಾಗ ಒಂದು ಅಕ್ಷರ ಬಿಟ್ಟುಹೋಗುವ ಭಯ ಇಲ್ಲ. ಸೀಕ್ವೆನ್ಸನ್ನೇ ಅಂಟಿಸುವುದಾದರೆ ಫಾಸ್ಟಾ ಫೈಲಿನ ಮೊದಲ ಸಾಲು, ಅಂದರೆ ಪ್ರೋಟೀನಿನ ಹೆಸರಿರುವ ಸಾಲನ್ನು ಬಿಟ್ಟು ಅಂಟಿಸಿ. ಆ ಹೆಸರಿನ ಅಕ್ಷರಗಳೂ ಅಮೈನೊ ಆಮ್ಲಗಳ ಲೆಕ್ಕಕ್ಕೆ ಸೇರಿಕೊಂಡರೆ ಫಲಿತಾಂಶ ಕೆಟ್ಟಿತು. ಎಷ್ಟು ಅಮೈನೊ ಆಮ್ಲ ಅಂತ ಮೇಲೆ ತೋರಿಸುವ ಸಂಖ್ಯೆಯನ್ನು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ನೀವೇ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಪ್ರೋಟೀನ್ ಆದರೆ ಕಥೆ ಉಲ್ಟಾ. ಅಲ್ಲಿ ಯೂನಿಪ್ರಾಟ್ ಸೀಕ್ವೆನ್ಸ್ ಸಾಲುವುದಿಲ್ಲ. ಪ್ಲಾಸ್ಮಿಡ್‌ನಿಂದ (ಜೀನನ್ನು ಬ್ಯಾಕ್ಟೀರಿಯಾಕ್ಕೆ ಒಯ್ಯುವ ಡಿಎನ್‌ಎ) ಬಂದ ಮೆಥಿಯೋನಿನ್, ಶುದ್ಧೀಕರಣಕ್ಕೆ ಸೇರಿಸುವ ಹಿಸ್ಟಿಡಿನ್ ಟ್ಯಾಗ್, ಟ್ಯಾಗಿಗೂ ಪ್ರೋಟೀನಿಗೂ ನಡುವಿನ ಲಿಂಕರ್, ಪ್ರೋಟಿಯೇಸ್ ಕತ್ತರಿಸಿದ ಮೇಲೆ ಉಳಿಯುವ ಒಂದೆರಡು ಅಕ್ಷರ, ಎಲ್ಲವನ್ನೂ ಸೇರಿಸಬೇಕು. ಆರು ಹಿಸ್ಟಿಡಿನ್‌ಗಳೇ ಸುಮಾರು 823 ಡಾಲ್ಟನ್ ಕೂಡಿಸುತ್ತವೆ, ಪಿಐ ಅನ್ನೂ ಸರಿಸುತ್ತವೆ.

ಇನ್ಸುಲಿನ್‌ನಂಥವು ಇನ್ನೂ ಸೂಕ್ಷ್ಮ. ಮಾನವ ಇನ್ಸುಲಿನ್‌ನ ಯೂನಿಪ್ರಾಟ್ ಸೀಕ್ವೆನ್ಸ್ 110 ಅಮೈನೊ ಆಮ್ಲಗಳದ್ದು. ರಕ್ತದಲ್ಲಿ ಓಡಾಡುವ ಇನ್ಸುಲಿನ್ ಅದರಲ್ಲಿ 51 ಮಾತ್ರ, ಅದೂ ಎ ಮತ್ತು ಬಿ ಎಂಬ ಎರಡು ಚೈನ್‌ಗಳಲ್ಲಿ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ, ತೂಕ ಕೂಡಿಸಿ, ಡೈಸಲ್ಫೈಡ್ ಬಂಧಗಳಿಗೆ ಕಳೆಯಬೇಕು. ಎರಡನ್ನೂ ಸುಮ್ನೆ ಒಂದರ ಹಿಂದೆ ಒಂದು ಅಂಟಿಸಿದರೆ ಒಂದು ನೀರಿನ ಅಣುವಿನಷ್ಟು, ಅಂದರೆ 18 ಡಾಲ್ಟನ್ ಕಡಿಮೆ ಬರುತ್ತದೆ. ಪಿಐ ಲೆಕ್ಕದಲ್ಲೂ ಎರಡು ತುದಿಗಳು ಕಾಣೆಯಾಗುತ್ತವೆ.

ಅಣುತೂಕ: ಲೆಕ್ಕ ಸರಿ, ಪ್ರೋಟೀನ್ ಬೇರೆ

ಅಣುತೂಕ ಬರೀ ಕೂಡುವ ಲೆಕ್ಕ. ಸೀಕ್ವೆನ್ಸ್ ಸರಿಯಿದ್ದರೆ ಉತ್ತರ ಸರಿ. ಮನಸ್ಸಿನಲ್ಲೇ ಪರೀಕ್ಷಿಸಬೇಕೆಂದರೆ ಅಮೈನೊ ಆಮ್ಲಗಳ ಸಂಖ್ಯೆಯನ್ನು 110ರಿಂದ ಗುಣಿಸಿ. 129ಕ್ಕೆ 14,190 ಬರುತ್ತದೆ, 14,313ಕ್ಕೆ ಹತ್ತಿರವೇ.

ಆದರೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಲೈಸೋಜೈಮ್ 14,305ರ ಹತ್ತಿರ ಕಾಣುತ್ತದೆ. ಆ 8 ಎಲ್ಲಿ ಹೋಯಿತು? ನಾಲ್ಕು ಡೈಸಲ್ಫೈಡ್ ಬಂಧಗಳು. ಒಂದೊಂದು ಬಂಧ ಆಗುವಾಗಲೂ ಎರಡು ಹೈಡ್ರೋಜನ್ ಹೋಗುತ್ತವೆ. ಹೀಗೆ ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸವೇ ಏನಾಗಿದೆ ಅಂತ ಹೇಳಿಬಿಡುತ್ತದೆ. 131 ಕಡಿಮೆ ಇದ್ದರೆ ಮೊದಲ ಮೆಥಿಯೋನಿನ್ ಕಳಚಿರಬಹುದು. 42 ಜಾಸ್ತಿ ಇದ್ದರೆ ಅಸಿಟೈಲ್ ಸೇರಿರಬಹುದು, 80 ಜಾಸ್ತಿ ಇದ್ದರೆ ಫಾಸ್ಫೇಟ್, 16 ಆದರೆ ಆಕ್ಸಿಜನ್. ಒಂದು ಬಂಧದ 2 ಸೇರಿಸಿ ಈ ಐದು ಅಂಕಿ ಬಾಯಿಪಾಠ ಇದ್ದರೆ ಬಹಳ ಸಮಯ ಉಳಿಯುತ್ತದೆ.

ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಬ್ಯಾಂಡ್ ಲೆಕ್ಕಕ್ಕಿಂತ ಮೇಲೆ ಬಂದರೆ ಕೂಡಲೇ ಗಾಬರಿ ಬೇಡ. ಸಕ್ಕರೆ ಸರಪಣಿ ಅಂಟಿದ ಪ್ರೋಟೀನ್‌ಗಳು, ಆಮ್ಲೀಯ ಅಮೈನೊ ಆಮ್ಲಗಳು ತುಂಬಾ ಇರುವ ಪ್ರೋಟೀನ್‌ಗಳು ಜೆಲ್‌ನಲ್ಲಿ ನಿಧಾನವಾಗಿ ಓಡುತ್ತವೆ. ಈ ವಿಷಯದಲ್ಲಿ ಜೆಲ್‌ಗಿಂತ ಲೆಕ್ಕವನ್ನು ನಂಬಿ.

ಎಕ್ಸ್‌ಟಿಂಕ್ಷನ್ ಕೋಎಫಿಶಿಯೆಂಟ್: ನಿಜಕ್ಕೂ ಕೆಲಸಕ್ಕೆ ಬರುವ ಅಂಕಿ

ಇಡೀ ಪುಟದಲ್ಲಿ ಒಂದೇ ಅಂಕಿ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಆರಿಸುತ್ತೇನೆ. 280 ನ್ಯಾನೋಮೀಟರ್ ಬೆಳಕನ್ನು ಪ್ರೋಟೀನ್ ಎಷ್ಟು ಹೀರುತ್ತದೆ ಅನ್ನುವುದರಿಂದ ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ತಿಳಿಯುವುದು ಇದರಿಂದಲೇ. ಸೂತ್ರ ತುಂಬಾ ಸರಳ. ಒಂದು ಟ್ರಿಪ್ಟೊಫ್ಯಾನ್‌ಗೆ 5,500, ಒಂದು ಟೈರೋಸಿನ್‌ಗೆ 1,490, ಒಂದು ಡೈಸಲ್ಫೈಡ್ ಬಂಧಕ್ಕೆ 125. ಕೂಡಿಸಿದರೆ ಮುಗಿಯಿತು.

ಲೈಸೋಜೈಮ್‌ನಲ್ಲಿ ಆರು ಟ್ರಿಪ್ಟೊಫ್ಯಾನ್, ಮೂರು ಟೈರೋಸಿನ್, ನಾಲ್ಕು ಬಂಧ. 33,000, 4,470 ಮತ್ತು 500 ಸೇರಿ 37,970. ಪ್ರೋಟ್‌ಪ್ಯಾರಮ್ ಎರಡು ಉತ್ತರ ಕೊಡುತ್ತದೆ: ಸಿಸ್ಟೀನ್‌ಗಳೆಲ್ಲ ಜೋಡಿಯಾಗಿವೆ ಅಂದುಕೊಂಡರೆ 37,970, ಒಂದೂ ಜೋಡಿಯಾಗಿಲ್ಲ ಅಂದುಕೊಂಡರೆ 37,470. ಯಾವುದನ್ನು ತೆಗೆದುಕೊಳ್ಳಬೇಕು? ಯೂನಿಪ್ರಾಟ್‌ನಲ್ಲಿ ನೋಡಿ ಬರೆದಿಟ್ಟುಕೊಂಡಿದ್ದೀರಲ್ಲ, ಅದು ಈಗ ಬೇಕು. ಲೈಸೋಜೈಮ್‌ಗೆ ಮೊದಲನೆಯದು. ಜೀವಕೋಶದ ಒಳಗೇ ಇರುವ ಪ್ರೋಟೀನ್‌ಗಳಿಗೆ, ಅಥವಾ ಡಿಟಿಟಿಯಂಥ ರಾಸಾಯನಿಕ ಹಾಕಿ ಬಂಧ ಬಿಡಿಸಿದ್ದರೆ, ಸಾಮಾನ್ಯವಾಗಿ ಎರಡನೆಯದು.

ಈಗ ಇದನ್ನು ಬಳಸೋಣ. 37,970 ಅನ್ನು ಅಣುತೂಕದಿಂದ ಭಾಗಿಸಿದರೆ 2.653. ಪುಟದಲ್ಲಿ ಇದು 0.1 ಪರ್ಸೆಂಟ್ ಅಬ್ಸಾರ್ಬೆನ್ಸ್ ಅಂತ ಕಾಣುತ್ತದೆ. ಒಂದು ಮಿಲಿಲೀಟರ್‌ಗೆ ಒಂದು ಮಿಲಿಗ್ರಾಂ ಇರುವ ದ್ರಾವಣ, ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಇಷ್ಟು ಹೀರುತ್ತದೆ ಅಂತ ಅರ್ಥ. ನಿಮ್ಮ ಸ್ಯಾಂಪಲ್ 1.06 ತೋರಿಸಿದರೆ 2.653ರಿಂದ ಭಾಗಿಸಿ: ಮಿಲಿಲೀಟರ್‌ಗೆ 0.40 ಮಿಲಿಗ್ರಾಂ. ಸಿಗ್ನಲ್ ಪೆಪ್ಟೈಡ್ ತೆಗೆಯದೆ 147ರ ಸೀಕ್ವೆನ್ಸನ್ನೇ ಕೊಟ್ಟಿದ್ದರೆ? ಆ ತುಂಡಿನಲ್ಲಿ ಟ್ರಿಪ್ಟೊಫ್ಯಾನ್ ಇಲ್ಲ, ಟೈರೋಸಿನ್ ಇಲ್ಲ. ಮೇಲಿನ ಅಂಕಿ ಅಷ್ಟೇ, ಕೆಳಗಿನ ತೂಕ ಮಾತ್ರ ಹೆಚ್ಚಿತು. ಆಗ 2.338 ಬಂದು, ಅದೇ ಸ್ಯಾಂಪಲ್ 0.45 ಆಗಿಬಿಡುತ್ತದೆ. ಮುಂದಿನ ಪ್ರತಿ ಪ್ರಯೋಗಕ್ಕೂ ಈ ತಪ್ಪು ಹರಿಯುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಟ್ರಿಪ್ಟೊಫ್ಯಾನ್ ಒಂದೂ ಇಲ್ಲದ ಪ್ರೋಟೀನ್‌ಗಳಲ್ಲಿ ಈ ಲೆಕ್ಕ ಶೇಕಡ 10ಕ್ಕಿಂತ ಜಾಸ್ತಿ ತಪ್ಪಬಹುದು ಅಂತ ಪ್ರೋಟ್‌ಪ್ಯಾರಮ್ಮೇ ಟಿಪ್ಪಣಿ ಹಾಕುತ್ತದೆ. ಇನ್ಸುಲಿನ್ ಅಂಥದ್ದು. ಟ್ರಿಪ್ಟೊಫ್ಯಾನ್, ಟೈರೋಸಿನ್ ಎರಡೂ ಇಲ್ಲದಿದ್ದರೆ 280ರ ಅಳತೆಯನ್ನೇ ಬಿಟ್ಟು ಬ್ರಾಡ್‌ಫರ್ಡ್ ಅಥವಾ ಬಿಸಿಎ ವಿಧಾನಕ್ಕೆ ಹೋಗಿ. ಇನ್ನೊಂದು, ಸ್ಯಾಂಪಲ್‌ನಲ್ಲಿ ಡಿಎನ್‌ಎ ಉಳಿದಿದ್ದರೆ ಅದೂ 280ರಲ್ಲಿ ಹೀರುತ್ತದೆ. 260ರ ಅಳತೆಯನ್ನು 280ರದ್ದರಿಂದ ಭಾಗಿಸಿ. ಶುದ್ಧ ಪ್ರೋಟೀನಿಗೆ ಅದು 0.6ರ ಆಸುಪಾಸು ಇರಬೇಕು. 1 ದಾಟಿದರೆ ಟೂಲ್ ಕೊಟ್ಟ ಅಂಕಿ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

ಪಿಐ: ದಿಕ್ಕು ತೋರಿಸುತ್ತದೆ, ಅಷ್ಟೇ

ಯಾವ ಪಿಎಚ್‌ನಲ್ಲಿ ಪ್ರೋಟೀನಿನ ಒಟ್ಟು ಚಾರ್ಜ್ ಸೊನ್ನೆ ಆಗುತ್ತದೋ ಅದು ಪಿಐ, ಅಂದರೆ ಐಸೋಎಲೆಕ್ಟ್ರಿಕ್ ಪಾಯಿಂಟ್. ಪಿಎಚ್ ಅದಕ್ಕಿಂತ ಕೆಳಗಿದ್ದರೆ ಪ್ರೋಟೀನ್ ಪಾಸಿಟಿವ್, ಮೇಲಿದ್ದರೆ ನೆಗೆಟಿವ್.

ಲೈಸೋಜೈಮ್‌ಗೆ ಪ್ರೋಟ್‌ಪ್ಯಾರಮ್ 9.32 ಕೊಡುತ್ತದೆ. ಪ್ರಯೋಗಾಲಯದಲ್ಲಿ ಅಳೆದರೆ 11ರ ಆಸುಪಾಸು. ಇಷ್ಟೊಂದು ವ್ಯತ್ಯಾಸ ಯಾಕೆ? ಪಿಐ ಲೆಕ್ಕಕ್ಕೆ ಚಾರ್ಜ್ ಹೊರುವ ಪ್ರತಿ ಅಮೈನೊ ಆಮ್ಲದ ಪಿಕೆ ಬೆಲೆ, ಅಂದರೆ ಯಾವ ಪಿಎಚ್ ಸುತ್ತ ಅದರ ಚಾರ್ಜ್ ಬದಲಾಗುತ್ತದೆ ಅನ್ನುವ ಅಂಕಿ, ಬೇಕು. ಎಕ್ಸ್‌ಪ್ಯಾಸಿ ಬಳಸುವ ಬೆಲೆಗಳು ಬೆಲ್ಕ್‌ವಿಸ್ಟ್ ಮತ್ತು ಸಂಗಡಿಗರದ್ದು. ಯೂರಿಯಾ ತುಂಬಿದ ಜೆಲ್‌ನಲ್ಲಿ, ಪಿಎಚ್ 4.5ರಿಂದ 7.3ರ ನಡುವೆ ಪ್ರೋಟೀನ್‌ಗಳು ಎಲ್ಲಿ ನಿಲ್ಲುತ್ತವೆ ಅಂತ ನೋಡಿ ಪಡೆದವು. ಅಂದರೆ ಪ್ರೋಟೀನ್ ಬಿಚ್ಚಿಕೊಂಡಿರುವಾಗಿನ ಬೆಲೆಗಳು, ಅದೂ ಒಂದು ಮಿತಿಯೊಳಗೆ. ತುಂಬಾ ಬೇಸಿಕ್ ಆದ ಪ್ರೋಟೀನ್‌ಗಳಿಗೆ ಈ ಲೆಕ್ಕ ಸಾಲದೆ ಇರಬಹುದು ಅಂತ ಎಕ್ಸ್‌ಪ್ಯಾಸಿಯ ವಿವರಣೆಯಲ್ಲೇ ಬರೆದಿದ್ದಾರೆ. ಓದುವವರು ಕಡಿಮೆ!

ಬೇರೆ ಪಿಕೆ ಬೆಲೆ ಬಳಸುವ ಟೂಲ್ ಬೇರೆ ಪಿಐ ಕೊಡುತ್ತದೆ. ಐಪಿಸಿ ಎಂಬ ವೆಬ್ ಟೂಲ್ ಒಂದೇ ಸೀಕ್ವೆನ್ಸಿಗೆ ಹಲವು ಪಿಕೆ ಪಟ್ಟಿಗಳ ಉತ್ತರಗಳನ್ನು ಒಟ್ಟಿಗೆ ತೋರಿಸುತ್ತದೆ. ಅದರಲ್ಲಿ ಒಮ್ಮೆ ಹಾಕಿ ನೋಡಿ. ಉತ್ತರಗಳೆಲ್ಲ ಹತ್ತಿರ ಹತ್ತಿರ ಇದ್ದರೆ ಧೈರ್ಯ ಬರುತ್ತದೆ. ಚದುರಿದ್ದರೆ ಎರಡನೇ ದಶಾಂಶವನ್ನು ಮರೆತುಬಿಡಿ.

ಪಿಐ ಯಾವುದಕ್ಕೆ ಸಾಕು? ಬಫರ್ ಮತ್ತು ಕಾಲಮ್ ಆರಿಸುವುದಕ್ಕೆ ಸಾಕು. ಲೈಸೋಜೈಮ್‌ನಲ್ಲಿ ಲೈಸಿನ್ ಮತ್ತು ಆರ್ಜಿನಿನ್ ಸೇರಿ 17, ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲ ಸೇರಿ 9. ಪಿಎಚ್ 7ರಲ್ಲಿ ಚಾರ್ಜ್ ಸುಮಾರು ಪ್ಲಸ್ 8. ಪಿಐ 9.32 ಇರಲಿ, 11 ಇರಲಿ, ಪಿಎಚ್ 7ರಲ್ಲಿ ಇದು ಪಾಸಿಟಿವ್ ಪ್ರೋಟೀನ್‌ಗಳನ್ನು ಹಿಡಿಯುವ ಕ್ಯಾಟಯಾನ್ ಎಕ್ಸ್‌ಚೇಂಜ್ ಕಾಲಮ್ಮಿಗೇ ಅಂಟುತ್ತದೆ. ಹಾಗೆಯೇ ಬಫರ್‌ನ ಪಿಎಚ್ ಅನ್ನು ಪಿಐನಿಂದ ಒಂದು ಯೂನಿಟ್‌ ಆದರೂ ದೂರ ಇಡಿ. ಪಿಐ ಹತ್ತಿರ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ತಳ ಸೇರುವುದು ಸಾಮಾನ್ಯ.

ಒಂದು ನಿರ್ದಿಷ್ಟ ಅಮೈನೊ ಆಮ್ಲದ ಚಾರ್ಜ್ ಬೇಕಾದರೆ ಸೀಕ್ವೆನ್ಸ್ ಟೂಲ್ ಕೈಕೊಡುತ್ತದೆ. ಲೈಸೋಜೈಮ್‌ನ 35ನೇ ಗ್ಲುಟಾಮಿಕ್ ಆಮ್ಲದ ಪಿಕೆ ಸುಮಾರು 6. ಸಾಮಾನ್ಯವಾಗಿ ಅದು 4ರ ಹತ್ತಿರ ಇರಬೇಕು. ಸುತ್ತಲಿನ ಪರಿಸರ ಅದನ್ನು ಬದಲಿಸಿದೆ, ಕಿಣ್ವ ಕೆಲಸ ಮಾಡುವುದೇ ಅದರಿಂದ. ಇಂಥದ್ದಕ್ಕೆ ಮೂರು ಆಯಾಮದ ರಚನೆ ಕೊಟ್ಟು ಲೆಕ್ಕ ಹಾಕುವ ಪ್ರೋಪ್ಕಾ ಬಳಸಿ. ಪ್ರಯೋಗದಿಂದ ತಿಳಿದ ರಚನೆಗಳ ಡೇಟಾಬೇಸ್ ಆದ ಪಿಡಿಬಿಯಲ್ಲಿ ರಚನೆ ಇಲ್ಲದಿದ್ದರೆ, ಕಂಪ್ಯೂಟರ್ ಊಹಿಸಿದ ರಚನೆಗಳಿರುವ ಆಲ್ಫಾಫೋಲ್ಡ್ ಡೇಟಾಬೇಸ್‌ನ ಮಾದರಿ ಇಳಿಸಿಕೊಳ್ಳಬಹುದು. ಆದರೆ ಆ ಭಾಗದ ವಿಶ್ವಾಸದ ಅಂಕಿ ಹೇಗಿದೆ ಅಂತ ಮೊದಲು ನೋಡಿ.

ಹಾಫ್ ಲೈಫ್ ಮತ್ತು ಇನ್‌ಸ್ಟೆಬಿಲಿಟಿ ಇಂಡೆಕ್ಸ್: ಸ್ವಲ್ಪ ದೂರ ಇಡಿ

ಲೈಸೋಜೈಮ್‌ನ 129ರ ಸೀಕ್ವೆನ್ಸ್ ಶುರುವಾಗುವುದು ಲೈಸಿನ್‌ನಿಂದ. ಅದಕ್ಕೆ ಪ್ರೋಟ್‌ಪ್ಯಾರಮ್ ನಿಯಮದ ಪ್ರಕಾರ ಸಿಗುವ ಹಾಫ್ ಲೈಫ್: ಸಸ್ತನಿ ಕೋಶದ ಸಾರದಲ್ಲಿ 1.3 ಗಂಟೆ, ಯೀಸ್ಟ್‌ನಲ್ಲಿ 3 ನಿಮಿಷ, ಇ. ಕೋಲೈನಲ್ಲಿ 2 ನಿಮಿಷ. ವಾರಗಟ್ಟಲೆ ಮೊಟ್ಟೆಯೊಳಗೆ ಕೆಡದೆ ಇರುವ ಪ್ರೋಟೀನಿಗೆ 2 ನಿಮಿಷ! ಮುಂದೆ ಒಂದು ಮೆಥಿಯೋನಿನ್ ಸೇರಿಸಿ ಮತ್ತೆ ಹಾಕಿ. ಈಗ 30 ಗಂಟೆ, 20ಕ್ಕಿಂತ ಹೆಚ್ಚು, 10ಕ್ಕಿಂತ ಹೆಚ್ಚು.

ಟೂಲ್ ನೋಡುವುದು ಮೊದಲ ಅಕ್ಷರವೊಂದನ್ನೇ, ಬೇರೇನನ್ನೂ ಅಲ್ಲ. ಇದಕ್ಕೆ ಎನ್-ಎಂಡ್ ನಿಯಮ ಅಂತ ಹೆಸರು. ನಿಯಮ ಸುಳ್ಳಲ್ಲ. ಜೀವಕೋಶದ ಒಳಗೆ, ಆ ತುದಿ ಹೊರಗೆ ಕಾಣುವಾಗ, ಪ್ರೋಟೀನ್ ಒಡೆಯುವ ವ್ಯವಸ್ಥೆಗೆ ಅದು ಗುರುತು. ಕೋಶದಿಂದ ಹೊರಗೆ ಹೋಗಿ, ಬಿಗಿಯಾಗಿ ಮಡಚಿಕೊಂಡ ಪ್ರೋಟೀನಿಗೆ ಅದನ್ನು ಹೊರಿಸಬಾರದು ಅಷ್ಟೇ. ಎಷ್ಟೋ ಪ್ರಬಂಧಗಳ ಟೇಬಲ್‌ನಲ್ಲಿ ಹತ್ತು ಪ್ರೋಟೀನ್‌ಗಳ ಹಾಫ್ ಲೈಫ್ ಸಾಲಾಗಿ 30 ಗಂಟೆ ಅಂತ ಬರೆದಿರುತ್ತಾರೆ. ಎಲ್ಲವೂ ಮೆಥಿಯೋನಿನ್‌ನಿಂದ ಶುರುವಾಗುತ್ತವೆ ಅನ್ನುವುದನ್ನು ಬಿಟ್ಟರೆ ಆ ಕಾಲಮ್‌ನಲ್ಲಿ ಬೇರೆ ಮಾಹಿತಿ ಇಲ್ಲ, ಅಲ್ವಾ?

ಇನ್‌ಸ್ಟೆಬಿಲಿಟಿ ಇಂಡೆಕ್ಸ್ 1990ರಲ್ಲಿ ಗುರುಪ್ರಸಾದ್, ರೆಡ್ಡಿ ಮತ್ತು ಪಂಡಿತ್ ರೂಪಿಸಿದ್ದು. ಪಕ್ಕಪಕ್ಕದ ಎರಡೆರಡು ಅಮೈನೊ ಆಮ್ಲಗಳ 400 ಜೋಡಿಗಳಿಗೂ ಒಂದೊಂದು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. 40 ದಾಟಿದರೆ ಅಸ್ಥಿರ. ಜಾಣ ಯೋಚನೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ತೂಕಗಳು ಬಂದದ್ದು 12 ಅಸ್ಥಿರ ಮತ್ತು 32 ಸ್ಥಿರ ಪ್ರೋಟೀನ್‌ಗಳಿಂದ. ಅದೂ ಜೀವಕೋಶದೊಳಗೆ ಎಷ್ಟು ಕಾಲ ಉಳಿಯುತ್ತವೆ ಅನ್ನುವ ಅರ್ಥದ ಸ್ಥಿರತೆ. ಬಿಸಿ ಮಾಡಿದರೆ ತಡೆಯುತ್ತದಾ, ಫ್ರಿಜ್‌ನಲ್ಲಿ ಇಟ್ಟರೆ ಉಳಿಯುತ್ತದಾ ಎಂಬ ಪ್ರಶ್ನೆಗಳಿಗೂ ಇದಕ್ಕೂ ಸಂಬಂಧವಿಲ್ಲ. 39 ಬಂದದ್ದಕ್ಕೆ ಸ್ಥಿರ, 41 ಬಂದದ್ದಕ್ಕೆ ಅಸ್ಥಿರ ಅಂತ ಗೆರೆ ಎಳೆಯುವುದು ಅರ್ಥವಿಲ್ಲದ ಕೆಲಸ.

ಬಿಸಿ ತಡೆಯುವ ವಿಷಯಕ್ಕೆ ಸ್ವಲ್ಪ ಹತ್ತಿರ ಇರುವುದು ಅಲಿಫ್ಯಾಟಿಕ್ ಇಂಡೆಕ್ಸ್. 1980ರಲ್ಲಿ ಇಕಾಯ್ ಕೊಟ್ಟದ್ದು. ಅಲನಿನ್‌ನ ಶೇಕಡಾವಾರು, ವ್ಯಾಲಿನ್‌ನದನ್ನು 2.9ರಿಂದ ಗುಣಿಸಿದ್ದು, ಐಸೋಲ್ಯೂಸಿನ್ ಮತ್ತು ಲ್ಯೂಸಿನ್‌ಗಳದ್ದನ್ನು 3.9ರಿಂದ ಗುಣಿಸಿದ್ದು, ಎಲ್ಲ ಕೂಡಿಸಬೇಕು. ಲೈಸೋಜೈಮ್‌ಗೆ 65.12. ಹೆಚ್ಚು ಶಾಖದಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಪ್ರೋಟೀನ್‌ಗಳಲ್ಲಿ ಇದು ಜಾಸ್ತಿ ಇರುತ್ತದೆ ಅನ್ನುವುದು ಅವರು ಕಂಡದ್ದು. ಒಂದೇ ಕುಟುಂಬದ ಪ್ರೋಟೀನ್‌ಗಳನ್ನು ಹೋಲಿಸಲು ಬಳಸಿ. ಒಂಟಿ ಅಂಕಿಯಾಗಿ ಹೆಚ್ಚೇನೂ ಹೇಳುವುದಿಲ್ಲ. ಅಂದಹಾಗೆ, ಲೈಸೋಜೈಮ್ ಗಟ್ಟಿಯಾಗಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಆ ನಾಲ್ಕು ಡೈಸಲ್ಫೈಡ್ ಬಂಧಗಳು. ಅವು ಈ ಸೂತ್ರದಲ್ಲಿ ಇಲ್ಲವೇ ಇಲ್ಲ.

ನೀರಿಗೆ ಹೊಂದುತ್ತದೋ ಇಲ್ಲವೋ

ಗ್ರೇವಿ ಅಂದರೆ 1982ರ ಕೈಟ್-ಡೂಲಿಟಲ್ ಪಟ್ಟಿಯ ಸರಾಸರಿ. ಐಸೋಲ್ಯೂಸಿನ್‌ಗೆ 4.5, ಆರ್ಜಿನಿನ್‌ಗೆ ಮೈನಸ್ 4.5, ಉಳಿದವು ಇವೆರಡರ ನಡುವೆ. ಮೈನಸ್ ಬಂದರೆ ನೀರಿಗೆ ಹೊಂದುವ ಕಡೆ ವಾಲಿದೆ ಅಂತ. ಆದರೆ ಸರಾಸರಿ ಬಹಳಷ್ಟನ್ನು ಮುಚ್ಚಿಡುತ್ತದೆ. ಪೊರೆಯೊಳಗೆ ಒಂದೇ ಒಂದು ಹೆಲಿಕ್ಸ್ ತೂರಿಸಿ, ಉಳಿದ ದೊಡ್ಡ ಭಾಗವನ್ನು ಹೊರಗೆ ಇಟ್ಟಿರುವ ಪ್ರೋಟೀನಿಗೂ ಮೈನಸ್ಸೇ ಬರಬಹುದು.

ಅದಕ್ಕೆ ಸರಾಸರಿ ಬಿಟ್ಟು ಗ್ರಾಫ್ ನೋಡಿ. ಎಕ್ಸ್‌ಪ್ಯಾಸಿಯಲ್ಲೇ ಇರುವ ಪ್ರೋಟ್‌ಸ್ಕೇಲ್ ತೆರೆದು ಕೈಟ್-ಡೂಲಿಟಲ್ ಆರಿಸಿ. ವಿಂಡೋ 9 ಅಂತ ಮೊದಲೇ ಇರುತ್ತದೆ, ಅದನ್ನು 19ಕ್ಕೆ ಬದಲಿಸಿ. ಪೊರೆಯನ್ನು ದಾಟುವ ಒಂದು ಹೆಲಿಕ್ಸಿಗೆ ಸುಮಾರು ಅಷ್ಟು ಅಮೈನೊ ಆಮ್ಲ ಬೇಕು. ಗ್ರಾಫ್ 1.6 ದಾಟಿದ ಜಾಗ ಪೊರೆಯೊಳಗಿನ ಭಾಗ ಇರಬಹುದು. ಬ್ಯಾಕ್ಟೀರಿಯೋರೊಡಾಪ್ಸಿನ್ ಹಾಕಿ ನೋಡಿ, ಅದರಲ್ಲಿ ಏಳು ಹೆಲಿಕ್ಸ್ ಇವೆ. ಗ್ರಾಫ್‌ನ ಎಷ್ಟು ಶಿಖರ ಸ್ಪಷ್ಟ, ಎಷ್ಟು ಒಂದಕ್ಕೊಂದು ಅಂಟಿಕೊಂಡಿವೆ ಅಂತ ಎಣಿಸಿದರೆ ಈ ವಿಧಾನದ ಶಕ್ತಿಯೂ ಮಿತಿಯೂ ಗೊತ್ತಾಗುತ್ತವೆ.

ಈಗ ಲೈಸೋಜೈಮ್‌ನ 147ರ ಸೀಕ್ವೆನ್ಸ್ ಹಾಕಿ. ಶುರುವಿನಲ್ಲೇ ಗ್ರಾಫ್ 2.3 ದಾಟುತ್ತದೆ! ಪೊರೆಯ ಪ್ರೋಟೀನಾ? ಅಲ್ಲ, ಅದು ಸಿಗ್ನಲ್ ಪೆಪ್ಟೈಡ್. ಎರಡೂ ನೀರಿಗೆ ಹೊಂದದ ತುಂಡುಗಳೇ, ಆದ್ದರಿಂದ ಈ ಹಳೆಯ ವಿಧಾನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಯೂನಿಪ್ರಾಟ್‌ನಲ್ಲಿ ವಿವರ ಇಲ್ಲದ ಹೊಸ ಪ್ರೋಟೀನ್ ಆದರೆ ಸಿಗ್ನಲ್‌ಪಿ 6.0 ಮತ್ತು ಡೀಪ್‌ಟಿಎಂಎಚ್‌ಎಂಎಂ ಎರಡರಲ್ಲೂ ಓಡಿಸಿ. ಸಿಗ್ನಲ್ ಎಲ್ಲಿ ಕತ್ತರಿಸುತ್ತದೆ ಅಂತ ಮೊದಲನೆಯದು ಹೇಳುತ್ತದೆ. ಪೊರೆಯ ಒಳಗೆಷ್ಟು, ಹೊರಗೆಷ್ಟು ಅಂತ ಎರಡನೆಯದು ಹೇಳುತ್ತದೆ. ಆಮೇಲೆ ಕತ್ತರಿಸಿದ ಸೀಕ್ವೆನ್ಸನ್ನು ಪ್ರೋಟ್‌ಪ್ಯಾರಮ್‌ಗೆ ಕೊಡಿ. ಈ ಕ್ರಮ ತಿರುವುಮುರುವು ಆಗಬಾರದು.

ನೂರಾರು ಪ್ರೋಟೀನ್ ಇದ್ದರೆ

ಒಂದೊಂದೇ ಅಂಟಿಸುತ್ತಾ ಕೂರಬೇಡಿ. ಪೈಥಾನ್ ಸ್ವಲ್ಪ ಬಂದರೂ ಸಾಕು, ಬಯೋಪೈಥಾನ್‌ನ ಸೀಕ್ಯೂಟಿಲ್ಸ್ ಭಾಗದಲ್ಲಿ ಪ್ರೋಟ್‌ಪ್ಯಾರಮ್ ಅನ್ನುವ ಮಾಡ್ಯೂಲ್ ಇದೆ. ಅದರ ಪ್ರೋಟೀನ್‌ಅನಾಲಿಸಿಸ್ ಕ್ಲಾಸಿಗೆ ಸೀಕ್ವೆನ್ಸ್ ಕೊಟ್ಟರೆ ಅಣುತೂಕ, ಪಿಐ, ಗ್ರೇವಿ, ಇನ್‌ಸ್ಟೆಬಿಲಿಟಿ, ಬೇಕಾದ ಪಿಎಚ್‌ನಲ್ಲಿ ಚಾರ್ಜ್, ಎಲ್ಲ ಸಿಗುತ್ತದೆ. ಎಕ್ಸ್‌ಟಿಂಕ್ಷನ್ ಕೇಳಿದರೆ ಎರಡು ಅಂಕಿ ಬರುತ್ತವೆ. ಮೊದಲನೆಯದು ಬಂಧವಿಲ್ಲದ್ದು, ಎರಡನೆಯದು ಬಂಧವಿದ್ದದ್ದು. ಪ್ರೋಟ್‌ಪ್ಯಾರಮ್ ಪುಟದಲ್ಲಿ ಇದು ಉಲ್ಟಾ ಕ್ರಮದಲ್ಲಿರುತ್ತದೆ, ಗಮನಿಸಿ.

ಫೈಲ್ ಓಡಿಸುವ ಮೊದಲು ಸೀಕ್ವೆನ್ಸ್‌ಗಳಲ್ಲಿ ಎಕ್ಸ್, ಬಿ, ಝಡ್ ಅಕ್ಷರಗಳೂ (ಯಾವ ಅಮೈನೊ ಆಮ್ಲ ಅಂತ ಖಚಿತವಿಲ್ಲದ ಜಾಗ) ಕೊನೆಯಲ್ಲಿ ನಕ್ಷತ್ರ ಚಿಹ್ನೆಯೂ ಇವೆಯಾ ಅಂತ ಹುಡುಕಿ. ಜೀನೋಮ್‌ನಿಂದ ಅನುವಾದಿಸಿದ ಫೈಲ್‌ಗಳಲ್ಲಿ ಇವು ಇದ್ದೇ ಇರುತ್ತವೆ. ನಕ್ಷತ್ರ ತೆಗೆಯಿರಿ. ಎಕ್ಸ್ ಇರುವುದನ್ನು ಬೇರೆ ಪಟ್ಟಿಗೆ ಹಾಕಿ. ಸುಮ್ನೆ ಅಳಿಸಿಬಿಟ್ಟರೆ ತೂಕ ಕಡಿಮೆ ಬರುತ್ತದೆ, ಜೊತೆಗೆ ಇನ್‌ಸ್ಟೆಬಿಲಿಟಿ ಲೆಕ್ಕದ ಪಕ್ಕದ ಜೋಡಿಯೂ ಬದಲಾಗುತ್ತದೆ. ಪೂರ್ತಿ ಓಡಿಸುವ ಮುಂಚೆ ಲೈಸೋಜೈಮ್‌ನ 129 ಕೊಟ್ಟು 14,313 ಮತ್ತು ಮೈನಸ್ 0.472 ಬರುತ್ತದಾ ಅಂತ ನೋಡಿ.

ಆರ್ ಬಳಸುವವರಿಗೆ ಪೆಪ್ಟೈಡ್ಸ್ ಎಂಬ ಪ್ಯಾಕೇಜ್ ಇದೆ, ಅದರಲ್ಲಿ ಪಿಕೆ ಪಟ್ಟಿಯನ್ನು ನಾವೇ ಆರಿಸಬಹುದು. ಕಮಾಂಡ್ ಲೈನ್ ಇಷ್ಟಪಡುವವರಿಗೆ ಎಂಬಾಸ್‌ನ ಪೆಪ್‌ಸ್ಟ್ಯಾಟ್ಸ್ ಸಾಕು.

ಕೊನೆಗೆ ಫಲಿತಾಂಶ ಬರೆದಿಡುವ ವಿಷಯ. ಪಿಐ 9.32 ಅಂತ ಬರೀ ಅಂಕಿ ಬರೆದರೆ ಆರು ತಿಂಗಳ ನಂತರ ನಿಮಗೇ ಅರ್ಥವಾಗುವುದಿಲ್ಲ. ಅಂಕಿಯ ಪಕ್ಕದಲ್ಲೇ ಯೂನಿಪ್ರಾಟ್ ನಂಬರ್, ಎಲ್ಲಿಂದ ಎಲ್ಲಿಯವರೆಗಿನ ಸೀಕ್ವೆನ್ಸ್, ಟ್ಯಾಗ್ ಸೇರಿಸಿದ್ದೀರಾ, ಸಿಸ್ಟೀನ್‌ಗಳನ್ನು ಜೋಡಿ ಅಂದುಕೊಂಡಿರಾ ಬಿಡಿ ಅಂದುಕೊಂಡಿರಾ, ಯಾವ ಟೂಲ್, ಯಾವ ಪಿಕೆ ಪಟ್ಟಿ, ಯಾವ ದಿನಾಂಕ ಅಂತ ಬರೆಯಿರಿ. ಬಯೋಪೈಥಾನ್ ಆದರೆ ವರ್ಷನ್ ನಂಬರ್ ಕೂಡ. ಲೆಕ್ಕ ಹಾಕಿದ ಸೀಕ್ವೆನ್ಸನ್ನೇ ಒಂದು ಫಾಸ್ಟಾ ಫೈಲ್ ಮಾಡಿ ಅದೇ ಫೋಲ್ಡರ್‌ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.